ಮಾಲೀಕರು ಈಗ ನೋಡುತ್ತಿದ್ದಾರೆ

ಆರು ಗಂಟೆ ಹತ್ತು ನಿಮಿಷಕ್ಕೆ ಹಸಿರು ಚುಕ್ಕೆ ಬಂತು. ಅವನು ಐದೂಮುಕ್ಕಾಲಿಗೇ ಎದ್ದು, ದಿಂಬನ್ನು ಗೋಡೆಗೆ ಒತ್ತಿ ಒರಗಿ, ಕನ್ನಡಕ ಏರಿಸಿಕೊಂಡು, ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದ. ಪರದೆಯ ಮೇಲೊಂದು ಪುಟ್ಟ ಮನೆಯ ಚಿತ್ರ. ಮನೆಯ ಮಾಡಿನ ಮೇಲೆ ಸೋಲಾರ್ ಹಲಗೆಗಳು, ಪಕ್ಕದಲ್ಲಿ ಬ್ಯಾಟರಿ ಪೆಟ್ಟಿಗೆ, ಪೆಟ್ಟಿಗೆಯಿಂದ ಮನೆಯೊಳಕ್ಕೆ ಇರುವೆ ಸಾಲಿನ ಹಾಗೆ ಹರಿಯುವ ಹಳದಿ ಚುಕ್ಕೆಗಳು. ಇದೆಲ್ಲದರ ಕೆಳಗೆ, ಯಾರೂ ಓದದಿರಲಿ ಎಂದೇ ಬರೆದಷ್ಟು ಸಣ್ಣ ಅಕ್ಷರದಲ್ಲಿ ಒಂದು ಸಾಲು: ಮಾಲೀಕರು ಈಗ ನೋಡುತ್ತಿದ್ದಾರೆ. ಮಾಲೀಕರು ಎಂದರೆ ಅವನ ಹೆಂಡತಿ. ಅವಳು ಈ ಮನೆ ಬಿಟ್ಟು ಹೋಗಿ ಹದಿನಾಲ್ಕು ತಿಂಗಳಾಗಿತ್ತು. ಹೋದವಳು ಅವನಿಗೆ ಪತ್ರ ಬರೆಯಲಿಲ್ಲ, ಫೋನು ಮಾಡಲಿಲ್ಲ, ಬಿಟ್ಟುಹೋದ ಬಟ್ಟೆಬರೆಗೆ ಹೇಳಿ ಕಳಿಸಲಿಲ್ಲ. ಆದರೆ ದಿನಾ ಬೆಳಿಗ್ಗೆ ಎಲ್ಲಿಂದಲೋ ಈ ಮನೆಯ ಬ್ಯಾಟರಿಯಲ್ಲಿ ಎಷ್ಟು ಕರೆಂಟು ಉಳಿದಿದೆ ಎಂದು ನೋಡುತ್ತಿದ್ದಳು. ಒಮ್ಮೊಮ್ಮೆ ಎರಡು ನಿಮಿಷ, ಒಮ್ಮೊಮ್ಮೆ ಹತ್ತು. ಅವನ ಇಡೀ ದಿನ ಆ ನಿಮಿಷಗಳ ಮೇಲೆ ನಿಂತಿತ್ತು. ಐವತ್ತೆರಡು ವರ್ಷದ, ಮಂಡಿನೋವಿನ, ತಲೆಯ ನಡುವೆ ಕೂದಲು ಉದುರಿದ ಗಂಡಸಿಗೆ ಇದು ಶೋಭೆಯಲ್ಲ ಎಂದು ಅವನಿಗೂ ಗೊತ್ತಿತ್ತು. ಗೊತ್ತಿದ್ದು ಏನು ಮಾಡುವುದು?

ಆ ಆ್ಯಪಿನಲ್ಲಿ ಅವನು ಅತಿಥಿ. ಬ್ಯಾಟರಿ ಕೂರಿಸಲು ಜನ ಬಂದ ದಿನ ಅವನು ಕನ್ನಡಕದಂಗಡಿಯಲ್ಲಿ ಯಾರದೋ ಕಣ್ಣು ಪರೀಕ್ಷಿಸುತ್ತಿದ್ದ, ಮನೆಯಲ್ಲಿದ್ದವಳು ಅವಳು, ಯಾರ ಹೆಸರಿಗೆ ಹಾಕಲಿ ಎಂದು ಅವರು ಕೇಳಿದಾಗ ತನ್ನದೇ ಫೋನು ಕೊಟ್ಟಿದ್ದಳು. ಸಂಜೆ ಅವನು ನನಗೂ ತೋರಿಸು ಎಂದು ಮಕ್ಕಳ ಹಾಗೆ ಹಟ ಹಿಡಿದಾಗ ಅವನನ್ನೂ ಸೇರಿಸಿದಳು. ಬೇರೆ ಯಾರೇ ಸೇರಿದರೂ ಅವರನ್ನು ಅತಿಥಿ ಎಂದೇ ಕರೆಯುವುದು ಆ ಯಂತ್ರದ ಮರ್ಯಾದೆ. "ಸರಿಯಾಗೇ ಇದೆ ಬಿಡಿ" ಎಂದು ಅವಳು ನಕ್ಕಿದ್ದಳು. "ಊಟಕ್ಕೆ ಬರ್ತೀರಿ, ಮಲಗೋಕೆ ಬರ್ತೀರಿ, ಬೆಳಿಗ್ಗೆ ಎದ್ದು ಹೋಗ್ತೀರಿ. ಇನ್ನೇನಂತ ಕರೀಬೇಕು ನಿಮ್ಮನ್ನ?" ಅವನೂ ನಕ್ಕಿದ್ದ. ಎಂಥ ದಡ್ಡ ನಗು ಅದು! ಈಗ ಹಲ್ಲುಜ್ಜುವಾಗ, ಬಸ್ಸಿಗೆ ಕಾಯುವಾಗ, ಯಾರದೋ ಕಣ್ಣಿಗೆ ಟಾರ್ಚು ಬಿಡುವಾಗ ಆ ಮಾತು ಬಂದು ಎದೆಯ ಮೇಲೆ ಕೂತುಬಿಡುತ್ತದೆ. ಅವಳು ಅವತ್ತು ತಮಾಷೆ ಮಾಡಿರಲಿಲ್ಲ; ಹೇಳಬೇಕಾದ್ದನ್ನು ಹೇಳಿ, ಅವನಿಗೆ ಅರ್ಥವಾಗುತ್ತದೋ ಎಂದು ಮುಖ ನೋಡಿದ್ದಳು. ಅವನು ಬ್ಯಾಟರಿ ನೋಡುತ್ತಿದ್ದ.

ಚುಕ್ಕೆ ಇನ್ನೂ ಇತ್ತು. ಅವನು ಮೆಲ್ಲಗೆ ಎದ್ದು ಬಚ್ಚಲಿಗೆ ಹೋಗಿ ಗೀಸರಿನ ಸ್ವಿಚ್ಚು ಹಾಕಿದ. ಪರದೆಯ ಹಳದಿ ಚುಕ್ಕೆಗಳು ಅವಸರವಾಗಿ ಓಡತೊಡಗಿದವು. ಎದ್ದಿದ್ದೇನೆ ಎಂದು ಅದರ ಅರ್ಥ. ಆಮೇಲೆ ಇಸ್ತ್ರಿ ಪೆಟ್ಟಿಗೆ: ಕೆಲಸಕ್ಕೆ ಹೋಗುತ್ತೇನೆ, ಅಂಗಿ ಮುದುರಿಕೊಂಡಿಲ್ಲ, ನೀನು ತಿಳಿದಷ್ಟು ಕೆಟ್ಟಿಲ್ಲ. ಹೀಗೆ ಅವನು ದಿನಾ ಅವಳಿಗೆ ಕರೆಂಟಿನಲ್ಲಿ ಕಾಗದ ಬರೆಯುತ್ತಿದ್ದ. ಅವಳು ಹೋಗಿ ವರ್ಷ ತುಂಬಿದ ದಿನ ಮಾತ್ರ ಹಟಕ್ಕೆ ಬಿದ್ದು ಇಂಟರ್ನೆಟ್ ಪೆಟ್ಟಿಗೆಯೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಆರಿಸಿದ; ಫ್ರಿಜ್ಜನ್ನೂ ಬಿಡಲಿಲ್ಲ. ಪರದೆಯ ಮನೆ ಉಸಿರು ನಿಂತಂತೆ ಸ್ತಬ್ಧವಾಯಿತು. ನೋಡೋಣ, ಏನಾಯಿತೆಂದು ಕೇಳುತ್ತಾಳೋ ಇಲ್ಲವೋ. ಅವಳು ಕೇಳಲಿಲ್ಲ. ಆದರೆ ಹಸಿರು ಚುಕ್ಕೆ ಅವತ್ತು ನಲವತ್ತು ನಿಮಿಷ ಹೋಗಲೇ ಇಲ್ಲ! ನಲವತ್ತು ನಿಮಿಷ ಅವಳು ಅಲ್ಲಿ, ಅವನು ಇಲ್ಲಿ, ನಡುವೆ ಏನೂ ಹರಿಯದ ಒಂದು ಮನೆ. ಮದುವೆಯಾದ ಇಪ್ಪತ್ತಮೂರು ವರ್ಷದಲ್ಲಿ ಅವರಿಬ್ಬರೂ ನಲವತ್ತು ನಿಮಿಷ ಒಂದೇ ವಸ್ತುವನ್ನು ಒಟ್ಟಿಗೆ ನೋಡಿದ್ದುಂಟೇ? ಫ್ರಿಜ್ಜಿನ ಹಾಲು ಒಡೆದುಹೋಗಿತ್ತು. ಅವನು ಆ ದಿನ ಅಂಗಡಿಯಲ್ಲಿ ಶಿಳ್ಳೆ ಹಾಕಿದನಂತೆ. ಕ್ಯಾಷಿನಲ್ಲಿದ್ದ ಹೆಂಗಸು ಆಮೇಲೆ ಹೇಳಿದಳು.

ಆರು ಹದಿನೇಳಕ್ಕೆ ಚುಕ್ಕೆ ಆರಿತು. ಆರಿದ ಮೇಲೆಯೇ ಪರದೆಯ ನೆತ್ತಿಯ ಮೇಲಿನ ಕೆಂಪು ಪಟ್ಟಿ ಅವನ ಕಣ್ಣಿಗೆ ಬಿದ್ದದ್ದು, ಅಥವಾ ಬೀಳಲು ಅವನು ಬಿಟ್ಟದ್ದು. ಹೊಸ ಅಪ್‌ಡೇಟ್ ಸಿದ್ಧವಿದೆ. ಈಗ ಹಾಕಿ. ನಂತರ ನೆನಪಿಸಿ. ಇಪ್ಪತ್ತೆರಡು ದಿನದಿಂದ ಅವನು ನಂತರ ನೆನಪಿಸಿ ಎಂದು ಒತ್ತುತ್ತಾ ಬಂದಿದ್ದ. ಕಂಪನಿಯಿಂದ ಮೂರು ಸಲ ಸಂದೇಶ, ಎರಡು ಸಲ ಫೋನು. ಬ್ಯಾಟರಿಯೊಳಗಿನ ಹಳೆಯ ಸಾಫ್ಟ್‌ವೇರಿಗೆ ಶಾಖ ಸರಿಯಾಗಿ ತಿಳಿಯುವುದಿಲ್ಲವಂತೆ. ಸೆಲ್ಲುಗಳು ಕಾದರೂ ಕಾದಿಲ್ಲ ಎಂದುಕೊಂಡು ಚಾರ್ಜು ತುಂಬಿಸುತ್ತಲೇ ಹೋಗುತ್ತದಂತೆ. ಎಲ್ಲೋ ಎರಡು ಮನೆಯಲ್ಲಿ ಪೆಟ್ಟಿಗೆ ಉಬ್ಬಿ, ಒಂದು ಕಡೆ ಹೊಗೆಯೂ ಬಂತಂತೆ. ಇದಿಷ್ಟೇ ಆಗಿದ್ದರೆ ಅವನು ಮೊದಲ ದಿನವೇ ಹಾಕುತ್ತಿದ್ದ. ಆದರೆ ಆ ಸೂಚನೆಯ ಕೊನೆಯಲ್ಲಿ, ಬುದ್ಧಿವಂತರು ಓದದೆ ಬಿಡುವ ಜಾಗದಲ್ಲಿ ಇನ್ನೊಂದು ಸಾಲಿತ್ತು. ಅಪ್‌ಡೇಟಾದ ಮೇಲೆ ಸೇರಿರುವ ಎಲ್ಲರ ಹೆಸರೂ ಅಳಿಸಿಹೋಗುತ್ತದೆ. ಮತ್ತೆ ಸೇರಬೇಕಾದವರು ಬ್ಯಾಟರಿಯ ಎದುರು ನಿಂತು, ಅದರ ಮೈಮೇಲಿನ ಚೀಟಿಗೆ ಫೋನು ಹಿಡಿದು ಸೇರಬೇಕು. ಬ್ಯಾಟರಿಯ ಎದುರು ನಿಲ್ಲಲು ಅವಳು ಬರುತ್ತಾಳೆಯೇ? ಗಂಡನ ಎದುರು ನಿಲ್ಲಲಾರದೆ ಹೋದವಳು.

ಆ ಬ್ಯಾಟರಿ ಇದ್ದದ್ದು ಹಿಂದಿನ ಓಣಿಯಲ್ಲಿ, ಅತ್ತೆಯ ಕೋಣೆಯ ಗೋಡೆಗೆ ಮೊಳೆ ಹೊಡೆದು. ಅತ್ತೆ ಎಂದರೆ ಅವಳ ತಾಯಿ. ಮಗಳು ಹೊರಟಾಗ ತಾಯಿ ಹೊರಡಲಿಲ್ಲ, ಇದೂ ಒಂದು ವಿಚಿತ್ರ. "ನಾನ್ಯಾಕೆ ಬರ್ಲಿ? ಬಿಟ್ಟು ಹೋಗ್ತಿರೋಳು ನೀನು" ಎಂದು ಮಂಚದ ಮೇಲೆ ಕೂತವರು ಕೂತೇ ಇದ್ದರು. ಮಗಳು ಆಮೇಲೆ ಎರಡು ಸಲ ಫೋನು ಮಾಡಿದಾಗ ಎತ್ತಿರಲಿಲ್ಲ. ಅವಳು ಮೂರನೇ ಸಲ ಮಾಡಲಿಲ್ಲ. ಹೀಗೆ ಹೆಂಡತಿ ಇಲ್ಲದ ಮನೆಯಲ್ಲಿ ಅತ್ತೆ ಅಳಿಯ ಇಬ್ಬರೇ ಉಳಿದು, ಒಬ್ಬರ ಕಾಲಿಗೆ ಒಬ್ಬರು ಸಿಗದ ಹಾಗೆ ಓಡಾಡಿಕೊಂಡಿದ್ದರು. ಅವರ ಕೋಣೆಗೆ ಅವನು ಕಾಲಿಡುತ್ತಿರಲಿಲ್ಲ. ಬಾಗಿಲ ಹೊರಗೆ ನಿಂತು ಒಮ್ಮೆ ಕೆಮ್ಮುತ್ತಿದ್ದ, ಅವರು ಪರದೆ ಸರಿಸಿ ಹೊರಗೆ ಬರುತ್ತಿದ್ದರು. ಅಂಥವನು ಮೂರು ವಾರದ ಹಿಂದೆ ಒಳಗೆ ನುಗ್ಗಿ, ಗೋಡೆಯಲ್ಲಿ ತೇವ ಇದೆ ಅತ್ತೆ ಎಂದು ಸುಳ್ಳು ಹೇಳಿ ಅವರ ಮಂಚವನ್ನು ಆಚೆ ಗೋಡೆಗೆ ಎಳೆದಿಟ್ಟಿದ್ದ. ಎಪ್ಪತ್ತಾರು ವರ್ಷದ ಮುದುಕಿಯ ತಲೆಯ ಹತ್ತಿರ ಕಾಯುತ್ತಿರುವ ಪೆಟ್ಟಿಗೆಯನ್ನು ಸರಿಮಾಡಿಸುವ ಬದಲು ಮುದುಕಿಯನ್ನೇ ಎಂಟು ಅಡಿ ದೂರ ಸರಿಸಿದ ಗಂಡಸು ಅವನು. ಇದನ್ನು ಯಾರಾದರೂ ಬಾಯಿಬಿಟ್ಟು ಕೇಳಿದ್ದರೆ ಏನು ಹೇಳುತ್ತಿದ್ದನೋ. ಅತ್ತೆ ಕೇಳಲಿಲ್ಲ. "ಕಿಟಕಿ ಹತ್ರ ಆಯ್ತು, ಒಳ್ಳೇದೇ ಆಯ್ತು" ಎಂದಿದ್ದರು. ಆ ಮಾತಿಗೆ ಅವನಿಗೆ ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು. ಆದರೂ ಮಾರನೆಯ ದಿನ ನಂತರ ನೆನಪಿಸಿ ಎಂದೇ ಒತ್ತಿದ.

ಇವತ್ತು ಅಂಗಡಿಗೆ ರಜೆ. ಹತ್ತು ಗಂಟೆಗೆ ಕಂಪನಿಯಿಂದ ಜನ ಬರುತ್ತಾರೆ. ಅವನು ಕರೆದದ್ದಲ್ಲ, ಅವರೇ ಬರುತ್ತೇವೆ ಎಂದದ್ದು. ಬೇಡ ಎನ್ನಲು ಕಾರಣ ಹುಡುಕುವಷ್ಟರಲ್ಲಿ ಆಚೆಯವರು ಫೋನು ಇಟ್ಟಿದ್ದರು. ಅಡುಗೆಮನೆಯಲ್ಲಿ ಅತ್ತೆ ಬ್ರೆಡ್ಡು ಸುಡುತ್ತಿದ್ದರು.

"ಅಳಿಯಂದಿರಿಗೆ ಇವತ್ತೂ ಇಸ್ತ್ರಿನಾ? ಬಾಗಿಲು ತೆಗೆಯೋಕೆ ಗರಿಗರಿ ಅಂಗಿ ಬೇಕಾ?"

"ಬ್ಯಾಟರಿಯವರು ಬರ್ತಾರೆ ಅತ್ತೆ."

"ಯಾಕೆ? ಚೆನ್ನಾಗೇ ಇದೆಯಲ್ಲ ಬ್ಯಾಟರಿ."

"ಏನೋ ಹೊಸದು ಹಾಕ್ಬೇಕಂತೆ."

ಅತ್ತೆ ಬ್ರೆಡ್ಡು ತಿರುವುವುದನ್ನು ಮರೆತರು. "ಚೆನ್ನಾಗಿರೋದನ್ನ ಯಾಕೆ ಮುಟ್ಟಿಸ್ಕೋಬೇಕು? ಇನ್ನೊಂದು ದಿನ ಬನ್ನಿ ಅನ್ನಿ" ಎಂದರು. ಸುಟ್ಟ ವಾಸನೆ ಬಂತು. ತನ್ನ ಮನಸ್ಸಿನ ಮಾತನ್ನೇ ಇವರು ಆಡಿದರಲ್ಲ ಎಂದು ಅವನಿಗೆ ಆಶ್ಚರ್ಯವಾಯಿತು, ಮತ್ತೆ ಅದೇ ನಾಚಿಕೆ. ಪಾಪ, ಇವರಿಗೇನು ಗೊತ್ತು, ಉಳಿಸಿಕೊಳ್ಳಬೇಕಾದ್ದು ಇವರ ಜೀವ ಎಂದು. ಅತ್ತೆ ಕರಕಲಾದ ಬ್ರೆಡ್ಡನ್ನು ತಮ್ಮ ತಟ್ಟೆಗೆ ಹಾಕಿಕೊಂಡು, ಇನ್ನೆರಡು ಸುಟ್ಟು ಅವನಿಗೆ ಕೊಟ್ಟರು.

ಒಂದಾ, ಎರಡಾ? ಅಂಗಡಿಯ ಹಿಂದಿನ ಕತ್ತಲೆ ಕೋಣೆಯಲ್ಲಿ ಅವನು ಇಡೀ ದಿನ ಕೇಳುವ ಪ್ರಶ್ನೆ ಅದು. ಎದುರಿನವರ ಕಣ್ಣ ಮುಂದೆ ಒಂದು ಗಾಜು ಹಾಕಿ, ತೆಗೆದು, ಇನ್ನೊಂದು ಹಾಕಿ, ಯಾವುದು ಸ್ಪಷ್ಟ, ಒಂದಾ, ಎರಡಾ? ಅಂಗಡಿಯವರು ಅವನಿಗೆ ಒಂದಾಎರಡಾ ಸಾರ್ ಎಂದೇ ಹೆಸರಿಟ್ಟಿದ್ದರು. ಮೊನ್ನೆ ಒಬ್ಬ ಲಾರಿ ಡ್ರೈವರ್ ಕುರ್ಚಿಯಲ್ಲಿ ಕೂತು "ಎರಡು" ಎಂದ, "ಎರಡೇ ಸಾರ್" ಎಂದ, ಕೊನೆಗೆ ಯಂತ್ರದಿಂದ ಮುಖ ಹೊರಗೆಳೆದು "ಸಾರ್, ಇದೀರಾ?" ಎಂದು ಕೇಳಿದ. ಇರಲಿಲ್ಲ. ಆರು ಹತ್ತರ ಚುಕ್ಕೆ ಅವತ್ತು ಒಂದೇ ನಿಮಿಷಕ್ಕೆ ಆರಿದ್ದು ಯಾಕೆ ಎಂದು ಲೆಕ್ಕ ಹಾಕುತ್ತಿದ್ದ. ಅಂಗಡಿಯ ಯಜಮಾನ, ಅವನಿಗಿಂತ ಹದಿನೈದು ವರ್ಷ ಚಿಕ್ಕವನು, ಗಿರಾಕಿಯ ಮುಂದೆಯೇ "ಸಾರ್‌ಗೇ ಮೊದಲು ಟೆಸ್ಟ್ ಮಾಡಿಸ್ಬೇಕು" ಎಂದು ನಕ್ಕ. ಅವನೂ ನಕ್ಕ. ನಗುವುದು ಅವನಿಗೆ ಅಭ್ಯಾಸವಾಗಿತ್ತು. ಅವಳ ಮುಂದೆಯೂ ಹೀಗೆಯೇ ಪ್ರಶ್ನೆ ಕೇಳುತ್ತಿದ್ದನಲ್ಲ: ಈ ಪರದೆ ಬಟ್ಟೆ ಬೇಕೋ, ಅದು ಬೇಕೋ? ಹೊರಗೆ ಹೋಗೋಣವೋ, ಮನೆಯಲ್ಲೇ ಇರೋಣವೋ? ಅವಳು ಒಂದು ಎಂದರೆ, ಸರಿಯಾಗಿ ನೋಡು, ಎರಡು ಚೆನ್ನಾಗಿಲ್ಲವೇ ಎನ್ನುತ್ತಿದ್ದ. ಇಪ್ಪತ್ತಮೂರು ವರ್ಷ. ಒಂದು ದಿನ ಅವಳು ಚೀಲ ಹಿಡಿದು ಬಾಗಿಲಲ್ಲಿ ನಿಂತು "ನನಗೆ ಸರಿಯಾಗೇ ಕಾಣಿಸ್ತಿದೆ ರೀ" ಎಂದಳು, ಅಷ್ಟೇ.

ಬಂದವಳು ನಲವತ್ತರ ಹತ್ತಿರದ ಹೆಂಗಸು, ಕಂಪನಿಯ ನೀಲಿ ಅಂಗಿ, ಹೆಗಲಲ್ಲಿ ತನ್ನಷ್ಟೇ ತೂಕದ ಚೀಲ. ಒಳಗೆ ಬಂದವಳೇ ಈ ಮನೆಗೆ ನೂರು ಸಲ ಬಂದವಳಂತೆ ನೇರ ಹಿಂದಿನ ಓಣಿಗೆ ನಡೆದು, ಪೆಟ್ಟಿಗೆಯ ಮೇಲೆ ಅಂಗೈ ಇಟ್ಟಳು. ಇಟ್ಟು ತೆಗೆಯಲಿಲ್ಲ. ಜ್ವರ ಬಂದ ಮಗುವಿನ ಹಣೆ ಮುಟ್ಟಿದವಳ ಹಾಗೆ ಅವನ ಕಡೆ ತಿರುಗಿ ನೋಡಿದಳು.

"ಎಷ್ಟು ದಿನದಿಂದ ಹೀಗಿದೆ?"

"ಹೇಗೆ?"

"ಕೈ ಇಡಿ ಸಾರ್. ನೀವೇ ನೋಡಿ."

ಅವನು ಕೈ ಇಟ್ಟ. ಇಡದೆಯೂ ಗೊತ್ತಿತ್ತು, ವಾರದಿಂದ ದಿನಾ ಕದ್ದು ಬಂದು ಮುಟ್ಟಿ ಹೋಗುತ್ತಿದ್ದ. "ಬಿಸಿಲಿಗೇನೋ" ಎಂದ.

"ಈ ಓಣೀಲಿ ಬಿಸಿಲೆಲ್ಲಿದೆ?" ಅವಳು ತಲೆಯೆತ್ತಿ ನೋಡಿದಳು. "ಈ ಗೋಡೆ ಆಚೆ ಏನು?"

"ಅತ್ತೆ ಇರ್ತಾರೆ."

ಅವಳು ಬೈದಿದ್ದರೆ ವಾಸಿಯಿತ್ತು. ಚೀಲ ಬಿಚ್ಚಿ, ವೈರು ತೆಗೆದು, ಪೆಟ್ಟಿಗೆಯ ಕೆಳಗಿನ ತೂತಿಗೆ ಸಿಕ್ಕಿಸಿ, ಮಂಡಿಯ ಮೇಲೆ ಲ್ಯಾಪ್‌ಟಾಪು ಇಟ್ಟುಕೊಂಡು ಕೂತಳು. "ನಲವತ್ತು ನಿಮಿಷದ ಕೆಲಸ. ಅಷ್ಟು ಹೊತ್ತು ಕರೆಂಟು ಬೀದಿ ಲೈನಿಂದ ಬರುತ್ತೆ. ಹೆಸರುಗಳೆಲ್ಲ ಅಳಿಸಿಹೋಗುತ್ತೆ, ಆಮೇಲೆ ನಾನೇ ಸೇರಿಸಿಕೊಡ್ತೀನಿ. ಮಾಲೀಕರು ನೀವೇ ತಾನೆ?"

"ಅಲ್ಲ. ನಾನು ಅತಿಥಿ."

ಅವಳು ನಗು ತಡೆದುಕೊಂಡದ್ದು ಅವನಿಗೆ ಕಾಣಿಸಿತು. "ಮತ್ತೆ ಮಾಲೀಕರನ್ನ ಕರೀರಿ ಸಾರ್. ಅವರ ಫೋನಿಗೆ ಒಪ್ಪಿಗೆ ಕೇಳಿ ಸಂದೇಶ ಹೋಗುತ್ತೆ. ಅವರು ಒತ್ತದೆ ನಾನು ಮುಂದಕ್ಕೆ ಹೋಗೋಕಾಗಲ್ಲ."

"ಅವಳು ಊರಲ್ಲಿಲ್ಲ."

"ಊರಲ್ಲಿ ಇರ್ಬೇಕಾಗಿಲ್ಲ, ಫೋನಲ್ಲಿ ಇದ್ರೆ ಸಾಕು. ಒಂದು ಕರೆ ಮಾಡಿ ಒತ್ತು ಅನ್ನಿ."

ಒಂದು ಕರೆ. ಹದಿನಾಲ್ಕು ತಿಂಗಳು ಅವನು ಮಾಡದ ಕರೆ. ಹೊಸ ನಂಬರನ್ನು ಅವಳು ಹೋಗುವಾಗ ಚೀಟಿಯಲ್ಲಿ ಬರೆದು, ಅಮ್ಮನಿಗೆ ಏನಾದರೂ ಆದರೆ ಮಾತ್ರ ಎಂದು ಕೆಳಗೆ ಗೆರೆ ಎಳೆದಿದ್ದಳು. ಚೀಟಿ ಹರಿದುಹೋದರೂ ನಂಬರು ಬಾಯಿಗೆ ಬಂದಿತ್ತು. ಅವನು ಮಲಗುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ತಿರುಗಿ ಬಂದು ಬಾಗಿಲು ತೆಗೆದ. ಅಂಗಿಯ ಕಾಲರು ಸರಿಮಾಡಿಕೊಂಡ, ಫೋನಿನಲ್ಲಿ ಕಾಲರು ಕಾಣುತ್ತದೋ ಎಂಬಂತೆ. ಮನಸ್ಸಿನೊಳಗೆ ಹೆದರಿಕೆಯ ಜೊತೆ ಸಣ್ಣದೊಂದು ಖುಷಿಯೂ ಇತ್ತು: ಇನ್ನೇನು ಅವಳ ಧ್ವನಿ ಕೇಳುತ್ತೇನೆ, ಅದಕ್ಕೆ ಒಳ್ಳೆಯ ನೆಪವೇ ಸಿಕ್ಕಿದೆ. ದಿನಾ ನೋಡ್ತೀಯಲ್ಲ, ನನಗೂ ಕಾಣುತ್ತೆ ಎಂದು ಹೇಳಿಬಿಡಬೇಕು. ಹೆಸರು ಅಳಿಸಿಹೋಗುತ್ತೆ, ಮತ್ತೆ ಸೇರೋದಕ್ಕೆ ಇಲ್ಲಿಗೆ ಬರಬೇಕಾಗುತ್ತೆ, ಒಂದು ಗಳಿಗೆ ಬಂದು ಹೋಗು. ಇಷ್ಟು ಹೇಳಲು ಬಾರದಂಥದ್ದೇನೂ ಅಲ್ಲ.

ನಾಲ್ಕನೇ ರಿಂಗಿಗೆ ಅವಳು ಎತ್ತಿದಳು. "ಅಮ್ಮನಿಗೆ ಏನಾಯ್ತು?"

"ಏನಿಲ್ಲ, ಏನಿಲ್ಲ. ಚೆನ್ನಾಗಿದಾರೆ." ಅವಳ ಉಸಿರು ಹಗುರಾದದ್ದು ಕೇಳಿಸಿತು. ಅವಳ ಹಿಂದೆ ಎಲ್ಲೋ ನಲ್ಲಿ ಸುರಿಯುತ್ತಿತ್ತು, ಯಾರೋ ಹೆಂಗಸರು ನಗುತ್ತಿದ್ದರು. "ನೀನು ಹೇಗಿದೀಯಾ?"

"ಇದೀನಿ. ಹೇಳಿ."

"ಬ್ಯಾಟರಿಗೆ ಅಪ್‌ಡೇಟ್ ಹಾಕ್ಬೇಕಂತೆ. ಮಾಲೀಕರು ಒಪ್ಪಿಗೆ ಕೊಡ್ಬೇಕಂತೆ. ನಿನ್ನ ಫೋನಿಗೆ ಬರುತ್ತೆ, ಆ ಆ್ಯಪ್‌ನಲ್ಲಿ."

"ಯಾವ ಆ್ಯಪ್?"

"ಸೋಲಾರ್‌ದು. ನೀನು ದಿನಾ..." ಅಲ್ಲಿಗೆ ನಿಲ್ಲಿಸಿದ.

"ಅಯ್ಯೋ, ಅದಾ? ಅದು ಹಳೇ ಫೋನಲ್ಲಿತ್ತು, ಗಾಜು ಒಡೆದಿದ್ದು. ನಾನು ಅದನ್ನ ತರ್ಲೇ ಇಲ್ವಲ್ಲ, ಅಲ್ಲೇ ಇಟ್ಟು ಬಂದೆ. ಅಮ್ಮನ ಕೋಣೇಲೋ ಎಲ್ಲೋ." ಅವಳು ಸ್ವಲ್ಪ ನಕ್ಕಳು, ಕೆಟ್ಟ ನಗುವಲ್ಲ, ಬಹಳ ದಿನದ ಮೇಲೆ ಯಾವುದೋ ಹಳೆಯ ಪಾತ್ರೆಯ ನೆನಪಾದಾಗ ಬರುವಂಥದ್ದು. "ಬ್ಯಾಟರಿ ಒಂದಿದೆ ಅನ್ನೋದೇ ಮರೆತುಬಿಟ್ಟಿದ್ದೆ ನೋಡಿ."

"ಓ" ಎಂದ ಅವನು.

"ಅಮ್ಮ ಊಟ ಸರಿಯಾಗಿ ಮಾಡ್ತಾರಾ? ರಾತ್ರಿ ಕಾಲು ಸೆಳೆತ ಅಂತಿದ್ರು."

"ಮಾಡ್ತಾರೆ. ಈಗ ಸೆಳೆತ ಇಲ್ಲ."

"ನನ್ನ ಫೋನು ಎತ್ತಲ್ಲ ಅವರು. ಎತ್ತಲ್ಲ ಅಂತ ಗೊತ್ತಿದ್ದೂ ಮಾಡೋದು ಕಷ್ಟ" ಎಂದಳು. ಆಮೇಲೆ ಯಾರೋ ಕರೆದರು, ಬಂದೆ ಎಂದಳು, ಅವನಿಗಲ್ಲ. "ಇಡ್ಲಾ?"

ಅವನು ಇಡು ಎಂದನೋ ಇಲ್ಲವೋ ನೆನಪಿಲ್ಲ. ಮಂಚದ ಅಂಚಿನಲ್ಲಿ ಗರ ಬಡಿದವನಂತೆ ಕೂತಿದ್ದ. ಮೊದಲು ಅವನಿಗೆ ಅನಿಸಿದ್ದು ದುಃಖವಲ್ಲ, ಅವಮಾನ: ನಾಲ್ಕುನೂರು ಬೆಳಗು ಇಸ್ತ್ರಿ ಹಾಕಿದ ಅಂಗಿಗಳು. ಅವಳು ನೋಡಿರಲಿಲ್ಲ. ಒಂದು ದಿನವೂ ನೋಡಿರಲಿಲ್ಲ. ಎಲ್ಲೋ ನಲ್ಲಿ ಸುರಿಯುವ, ಹೆಂಗಸರು ನಗುವ ಮನೆಯಲ್ಲಿ ಅವಳು ಬ್ಯಾಟರಿಯೂ ಅವನೂ ಇಲ್ಲದೆ ನಿದ್ದೆ ಮಾಡಿ, ಎದ್ದು, ಮುಖ ತೊಳೆದಿದ್ದಳು. ಮತ್ತೆ ಆ ಚುಕ್ಕೆ? ಹಾಗಾದರೆ ಆ ಚುಕ್ಕೆ ಯಾರು?

ಆಗ ಅತ್ತೆಯ ಕೋಣೆಯಿಂದ, ಎರಡು ಗೋಡೆಯಾಚೆಯಿಂದ, ಟಿಣ್ ಎಂದು ಫೋನಿನ ಸದ್ದು ಬಂತು. ಓಣಿಯಿಂದ ಸರ್ವಿಸಿನವಳು ಕೂಗಿದಳು: "ಕಳಿಸಿದೀನಿ ಸಾರ್! ಒತ್ತೋಕೆ ಹೇಳಿ!"

ಅವನು ಬಾಗಿಲಲ್ಲಿ ನಿಂತ. ಕೆಮ್ಮಲಿಲ್ಲ. ಪರದೆಯ ಸಂದಿಯಲ್ಲಿ ಕಂಡಿತು: ಕಿಟಕಿಯ ಪಕ್ಕದ ಮಂಚದ ಮೇಲೆ ಅತ್ತೆ ಕಾಲು ಮಡಿಸಿ ಕೂತು, ಮಗಳ ಒಡೆದ ಗಾಜಿನ ಫೋನನ್ನು ಎರಡೂ ಕೈಯಲ್ಲಿ, ಥೇಟ್ ಅವನು ಹಿಡಿಯುವ ಹಾಗೆಯೇ, ಮುಖಕ್ಕೆ ಹತ್ತಿರ ಹಿಡಿದು ತುಟಿ ಅಲುಗಿಸುತ್ತಾ ಓದುತ್ತಿದ್ದರು. ನಲವತ್ತು ನಿಮಿಷ ಕತ್ತಲೆ ಮನೆಯಲ್ಲಿ ಅವನ ಜೊತೆ ಕೂತಿದ್ದವರು ಇವರು. ದಿನಾ ಬೆಳಿಗ್ಗೆ ಕೆಟಲನ್ನು ಎರಡೆರಡು ಸಲ ಹಾಕುತ್ತಾರಲ್ಲ, ಕರೆಂಟು ದಂಡ ಅತ್ತೆ ಎಂದು ಅವನು ಒಮ್ಮೆ ಗೊಣಗಿದ್ದ. ಅವರು ಕಳ್ಳಿಯ ಹಾಗೆ ತಲೆ ತಗ್ಗಿಸಿದ್ದರು. ಅವರೂ ಯಾರಿಗೋ ಕಾಗದ ಬರೆಯುತ್ತಿದ್ದರು. ಯಾರಿಗೆ?

"ಬನ್ನಿ ಒಳಗೆ" ಎಂದರು ಅತ್ತೆ, ತಲೆ ಎತ್ತದೆ. ಫೋನು ಬಚ್ಚಿಡಲು ಹೋಗಲಿಲ್ಲ. "ಇದರಲ್ಲಿ ಏನೋ ಬಂದಿದೆ. ಮಾಲೀಕರ, ಅತಿಥಿಗಳ ಹೆಸರು ಅಳಿಸಲಾಗುತ್ತದೆ, ಒಪ್ಪಿಗೆಯೇ ಅಂತ ಕೇಳ್ತಿದೆ. ನಾನು ಬೇಡ ಅಂತ ಒತ್ತುತೀನಿ."

"ಅತ್ತೆ, ಅದು ಒತ್ಲೇಬೇಕು. ಬ್ಯಾಟರಿ ಕಾದಿದೆ. ಗೋಡೆ ತೇವ ಅಂದಿದ್ನಲ್ಲ, ಸುಳ್ಳು. ಅದಕ್ಕೇ ನಿಮ್ಮ ಮಂಚ ಸರಿಸಿದ್ದು. ತಪ್ಪಾಯ್ತು."

"ಅದು ನನಗೆ ಗೊತ್ತಿತ್ತು. ಗೋಡೆ ಬೆಚ್ಚಗಿತ್ತು, ತೇವ ಎಲ್ಲಿಂದ ಬರ್ಬೇಕು?" ಅವರು ಫೋನನ್ನು ಎದೆಗೆ ಒತ್ತಿಕೊಂಡರು. "ಕಾದ್ರೆ ಕಾಯ್ಲಿ. ನನಗೇನು, ಇನ್ನೆಷ್ಟು ದಿನ. ಇದನ್ನ ಅಳಿಸೋಕೆ ನಾನು ಬಿಡಲ್ಲ." ಗುಟ್ಟು ಹೇಳುವವರಂತೆ ಧ್ವನಿ ತಗ್ಗಿಸಿದರು. "ಅವಳು ಬರ್ತಾಳೆ ಇದರಲ್ಲಿ. ದಿನಾ. ನಾನು ಮುಖ ತೊಳ್ಕೊಂಡು ಬಂದು ತೆಗೆಯೋ ಹೊತ್ತಿಗೆ ಅವಳಾಗಲೇ ಬಂದು ಕೂತಿರ್ತಾಳೆ. ಅತಿಥಿ ಈಗ ನೋಡುತ್ತಿದ್ದಾರೆ ಅಂತ ಹಸಿರು ಚುಕ್ಕೆ ಬರುತ್ತೆ. ಹೋದ ಹುಡುಗಿ ಇನ್ನೇನು, ಅತಿಥೀನೇ ತಾನೆ? ನಾನು ಫೋನು ಎತ್ತಲಿಲ್ಲ ನೋಡಿ, ಅದಕ್ಕೆ ಹೀಗೆ ಬರ್ತಾಳೆ. ನಿಮಗೆ ಹೇಳಿದ್ರೆ ಎಲ್ಲಿ ಬೇಜಾರು ಮಾಡ್ಕೋತೀರೋ ಅಂತ ಹೇಳ್ಲಿಲ್ಲ."

ಅವನು ಅವರ ಮಂಚದ ತುದಿಯಲ್ಲಿ, ಹಿಂದೆ ಯಾವತ್ತೂ ಕೂರದ ಜಾಗದಲ್ಲಿ, ಕೂತ. ಅತ್ತೆ, ಆ ಅತಿಥಿ ನಾನು. ಎಂಟೇ ಎಂಟು ಅಕ್ಷರ. ಹೇಳಿಬಿಟ್ಟರೆ ಎಲ್ಲ ನೇರವಾಗುತ್ತದೆ, ಸ್ಪಷ್ಟವಾಗುತ್ತದೆ. ಜೀವಮಾನವೆಲ್ಲ ಜನರಿಗೆ ಸ್ಪಷ್ಟವಾಗಿ ಕಾಣುವಂತೆ ಮಾಡುವುದೇ ಅವನ ಕಸುಬು. ಹತ್ತು ನಿಮಿಷದ ಹಿಂದೆ ಅವನಿಗೆ ಸ್ಪಷ್ಟವಾಗಿ ಕಂಡದ್ದು ಎದೆಯೊಳಗೆ ಇನ್ನೂ ಹಸಿಯಾಗಿ ಉರಿಯುತ್ತಿತ್ತು. ಅವರನ್ನು ನೋಡಿ ಅವನಿಗೆ ಕನಿಕರ ಬರಬೇಕಿತ್ತು, ಬಂದದ್ದು ಹೊಟ್ಟೆಕಿಚ್ಚು. ಇವರ ಮಗಳು ಇವರ ಹತ್ತಿರ ಇವತ್ತು ಬೆಳಿಗ್ಗೆಯೂ ಬಂದಿದ್ದಳು. ಅವನ ಹೆಂಡತಿ ಅವನ ಹತ್ತಿರ ಎಂದೂ ಬಂದಿರಲಿಲ್ಲ.

"ನಾನು ಈಗ ಅವಳಿಗೇ ಫೋನು ಮಾಡಿದ್ದೆ" ಎಂದ.

ಅತ್ತೆ ತಲೆಯೆತ್ತಿದರು.

"ಹೆಸರು ಅಳಿಸಿದ್ರೂ ಮತ್ತೆ ಸೇರ್ಕೋಬಹುದಂತೆ. ಸೇರ್ಕೋತೀನಿ ಅಂದ್ಳು. ನೀವು ಒತ್ತಿ."

"ಅವಳೇ ಅಂದ್ಲಾ?"

"ಹೂಂ."

"ನನ್ನ ಬಗ್ಗೆ ಏನಾದ್ರೂ ಕೇಳಿದ್ಲಾ?"

ಈ ಪ್ರಶ್ನೆಗೆ ಮಾತ್ರ ಅವನಿಗೆ ಸುಳ್ಳು ಬೇಕಾಗಲಿಲ್ಲ. "ಎತ್ತಿದ ತಕ್ಷಣ ಕೇಳಿದ್ದೇ ನಿಮ್ಮನ್ನ. ಅಮ್ಮನಿಗೆ ಏನಾಯ್ತು ಅಂತ ಹೆದರಿಬಿಟ್ಟಿದ್ಳು. ಊಟ ಸರಿಯಾಗಿ ಮಾಡ್ತಾರಾ, ಕಾಲು ಸೆಳೆತ ಹೇಗಿದೆ ಅಂದ್ಳು. ನೀವು ಫೋನು ಎತ್ತಲ್ಲ ಅಂತ ಅವಳಿಗೆ ಬಹಳ ಬೇಜಾರು." ಜೊತೆಗೇ, "ನನ್ನ ಬಗ್ಗೆ ಏನೂ ಕೇಳ್ಲಿಲ್ಲ" ಎಂದ. ಯಾಕೆ ಹೇಳಿದನೋ, ಯಾರಿಗಾದರೂ ಹೇಳಬೇಕಿತ್ತು. ಅತ್ತೆ ಸೆರಗಿನಲ್ಲಿ ಮೂಗು ಒರೆಸಿಕೊಂಡು ಅವನ ಮುಖವನ್ನೇ ನೋಡಿದರು. ಆಮೇಲೆ ಫೋನನ್ನು ಮಂಡಿಯ ಮೇಲಿಟ್ಟು, ತೋರುಬೆರಳಿಂದ ಒಪ್ಪಿಗೆಯನ್ನು ಒತ್ತಿದರು. ಓಣಿಯಿಂದ "ಬಂತು!" ಎಂಬ ಕೂಗು ಕೇಳಿಸಿತು.

ನಲವತ್ತು ನಿಮಿಷ ಅವರಿಬ್ಬರೂ ಓಣಿಯಲ್ಲಿ ಎರಡು ಕುರ್ಚಿ ಹಾಕಿಕೊಂಡು, ಆಪರೇಷನ್ ಕೋಣೆಯ ಹೊರಗೆ ಕೂತವರಂತೆ ಕೂತಿದ್ದರು. ಪೆಟ್ಟಿಗೆಯ ದೀಪ ಕೆಂಪಾಯಿತು, ಆರಿತು, ಮತ್ತೆ ಕೆಂಪಾಯಿತು. ಸರ್ವಿಸಿನವಳು ತನ್ನ ಮಗನ ಪರೀಕ್ಷೆಯ ಕತೆ ಹೇಳಿದಳು. ಅತ್ತೆ ಅವಳಿಗೆ ಚಹಾ ಕೊಟ್ಟರು, ಬ್ರೆಡ್ಡು ಕೊಟ್ಟರು. ಕೊನೆಗೆ ಪೆಟ್ಟಿಗೆಯೊಳಗಿನ ಪುಟ್ಟ ಫ್ಯಾನು, ವರ್ಷದಿಂದ ತಿರುಗದಿದ್ದದ್ದು, ಗುರ್ ಎಂದು ತಿರುಗಿತು. "ಈಗ ಗೊತ್ತಾಯ್ತು ನೋಡಿ ಇದಕ್ಕೆ, ತನ್ನ ಮೈ ಕಾದಿದೆ ಅಂತ" ಎಂದು ಅವಳು ಕೈ ಒರೆಸಿಕೊಂಡಳು. ಆ ಒಡೆದ ಗಾಜಿನ ಫೋನನ್ನು ಚೀಟಿಗೆ ಹಿಡಿದು ಅತ್ತೆಯನ್ನು ಮಾಲೀಕರೆಂದು ಸೇರಿಸಿದಳು. "ಇನ್ನು ಅತಿಥಿ ಯಾರಾದ್ರೂ?" ಎಂದಳು. ಅವನು ಉತ್ತರ ಕೊಡುವ ಮೊದಲೇ ಅತ್ತೆ, "ಅವಳು ಆಮೇಲೆ ಸೇರ್ಕೋತಾಳಂತೆ" ಎಂದು ಹೇಳಿ ಚಹಾದ ಲೋಟ ಎತ್ತಿಕೊಂಡು ಒಳಗೆ ಹೋದರು. ಅವರು ಹೋದ ಮೇಲೆ ಅವನು ತನ್ನ ಫೋನನ್ನು ಚೀಟಿಗೆ ಹಿಡಿದ. ಸರ್ವಿಸಿನವಳು ಅವನನ್ನು ನೋಡಿದಳು, ಅಡುಗೆಮನೆಯ ಬಾಗಿಲನ್ನು ನೋಡಿದಳು, ತನಗೆ ಸಂಬಂಧಿಸಿದ್ದಲ್ಲವೆಂದು ವೈರು ಸುತ್ತತೊಡಗಿದಳು.

ಮಾರನೆಯ ಬೆಳಿಗ್ಗೆ ಐದೂಮುಕ್ಕಾಲಿಗೆ ಎಚ್ಚರವಾಯಿತು. ಏಳಲು ಯಾವ ಕಾರಣವೂ ಇರಲಿಲ್ಲ. ಅವನು ಸೂರು ನೋಡುತ್ತಾ ಮಲಗಿದ್ದ. ಅವಳ ಮೇಲಿನ ಆಸೆ ಹೋಗುತ್ತದೆ ಎಂದುಕೊಂಡಿದ್ದ, ಹೋಗಿರಲಿಲ್ಲ. ಮೊದಲು ಅದಕ್ಕೆ ಹೋಗಲು ಒಂದು ಜಾಗವಾದರೂ ಇತ್ತು, ಈಗ ಮೈತುಂಬ ಸುಮ್ಮನೆ ಸುತ್ತುತ್ತಿತ್ತು. ನಲ್ಲಿ ಸುರಿಯುವ ಸದ್ದು, ಬಂದೆ ಎಂದ ಅವಳ ಧ್ವನಿ. ಆರು ಹತ್ತಾಯಿತು, ಹನ್ನೆರಡಾಯಿತು. ಆಚೆ ಕೋಣೆಯಲ್ಲಿ ಮಂಚ ಕಿರುಗುಟ್ಟಿತು, ನಿಂತಿತು, ಮತ್ತೆ ಕಿರುಗುಟ್ಟಿತು. ಅವರು ಕಾಯುತ್ತಿದ್ದರು. ಹಾಗೆ ಕಾಯುವುದು ಹೇಗಿರುತ್ತದೆಂದು ಭೂಮಿಯ ಮೇಲೆ ಅವನಷ್ಟು ಚೆನ್ನಾಗಿ ಇನ್ನಾರಿಗೂ ಗೊತ್ತಿರಲಿಲ್ಲ. ಕೈ ಚಾಚಿ ಫೋನು ತೆಗೆದುಕೊಂಡು ಆ್ಯಪು ತೆರೆದ. ಮಾಲೀಕರು ಈಗ ನೋಡುತ್ತಿದ್ದಾರೆ. ಮಂಚದ ಸದ್ದು ಥಟ್ಟನೆ ನಿಂತಿತು. ಸ್ವಲ್ಪ ಹೊತ್ತಿಗೆ ಕೆಟಲ್ ಹಾಕಿದ ಸದ್ದು. ಹಳದಿ ಚುಕ್ಕೆಗಳು ಓಡಿದವು. ಐದು ನಿಮಿಷ ನೋಡಿದ, ಇನ್ನು ನೋಡಲಾರದೆ ಮುಚ್ಚಿದ.

ಅವನು ಅಡುಗೆಮನೆಗೆ ಬಂದಾಗ ಅತ್ತೆ ಒಲೆಯ ಮುಂದೆ ನಿಂತಿದ್ದರು. ಅವನ ಕಡೆ ತಿರುಗಲಿಲ್ಲ, ಆದರೆ ಧ್ವನಿಯಲ್ಲಿ ಹುಡುಗಿಯರಂಥ ಸಂಭ್ರಮವಿತ್ತು. "ಬಂದಿದ್ಳು ಇವತ್ತು. ತಡ ಆಯ್ತು, ಬರಲ್ವೇನೋ ಅಂದ್ಕೊಂಡೆ. ಬಂದ್ಳು."

"ಹೌದಾ ಅತ್ತೆ."

ಅವರು ಎರಡು ಲೋಟಕ್ಕೆ ಚಹಾ ಬಸಿದರು. ಅವನದನ್ನು ಅವನ ಕೈಗೇ ಕೊಟ್ಟು, ಬೆರಳು ಬಿಡದೆ, ಒಂದು ಗಳಿಗೆ ಹಾಗೆಯೇ ಹಿಡಿದುಕೊಂಡರು. "ಐದೇ ನಿಮಿಷ ಇದ್ಲು, ಹೊರಟುಬಿಟ್ಳು. ನಾಳೆ ಇನ್ನೊಂಚೂರು ಹೊತ್ತು ಇರು ಅಂತ ಹೇಳ್ತೀರಾ ಅವಳಿಗೆ?"

ಅವನು ಅವರ ಮುಖ ನೋಡಿದ. ಅವರಿಗೆ ತಿಳಿದಿತ್ತೋ ಇಲ್ಲವೋ, ಇಷ್ಟು ವರ್ಷ ಜನರ ಕಣ್ಣನ್ನೇ ನೋಡಿದವನಿಗೂ ಆ ಕಣ್ಣಿನಲ್ಲಿ ಕಾಣಿಸಲಿಲ್ಲ.

"ಹೇಳ್ತೀನಿ ಅತ್ತೆ" ಎಂದ. "ಇರ್ತಾಳೆ."